ನುಡಿನಮನಕ್ಕೆ ಮೊದಲು

ಮಗಳೇ, ಭಾನುವಾರದ ನುಡಿನಮನದಲ್ಲಿ ಅಜ್ಜನ ಬಗ್ಗೆ ನೀನೇ ಮಾತಾಡುವುದೆಂದು ಮನೆಯವರೆಲ್ಲ ಒಪ್ಪಿದ್ದು ನನಗೆ ತುಂಬ ಸಮಾಧಾನ ತಂದಿದೆ. ನೀನು ಬರೆದಿಟ್ಟ ಹಾಳೆಯನ್ನೂ ಓದಿದೆ. ಸರಳ ಸಜ್ಜನ, ಹಸನ್ಮುಖಿ, ಮುಂಬಯಿಯಲ್ಲಿ ಹೋಟೆಲ್ ಉದ್ಯಮದಲ್ಲಿದ್ದರು ಎಂದೆಲ್ಲ ಬರೆದಿದ್ದೀಯ. ಸುಳ್ಳೇನಿಲ್ಲ. ಆದರೆ ಊರಿನ ಯಾವ ಹಿರಿಯರು ತೀರಿಕೊಂಡರೂ ಈ ಹಾಳೆಯನ್ನು ಹಾಗೇ ಓದಬಹುದು. ಅವನ ತಮ್ಮನಾಗಿ ನಿನಗೊಂದು ಮಾತು ಹೇಳುತ್ತೇನೆ: ಅವನು ಮಾಡುತ್ತಿದ್ದ ಕೆಲಸವನ್ನು ಹೇಳು. ಅಣ್ಣನ ಒಳ್ಳೆಯತನವೆಲ್ಲ ಆ ಕೆಲಸದೊಳಗೇ ಇತ್ತು.

ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಅವನು ಸಪ್ಲಾಯರ್ ಆಗಿದ್ದ. ಕ್ಲೀನರ್ ಆಗಿ ಸೇರಿ, ಮೇಜು ಒರೆಸಿ, ಲೋಟ ತೊಳೆದು ಅಲ್ಲಿಗೆ ಬಂದವನು. ಗಲ್ಲಾದಲ್ಲಿ ಒಂದು ದಿನವೂ ಕೂತವನಲ್ಲ. ಇದನ್ನು ಮರೆಮಾಚಬೇಡ. ನಮ್ಮ ಕಡೆಯ ಹೋಟೆಲುಗಳ ಚರಿತ್ರೆ ಹೇಳುವಾಗ ಮಾಲೀಕರ ಹೆಸರು ಬರುತ್ತದೆ, ಬರಬೇಕಾದದ್ದೇ. ಮುಂದೆ ಎಂ.ಟಿ.ಆರ್. ಎಂದು ಹೆಸರಾದ ಹೋಟೆಲನ್ನು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಪಾರಂಪಳ್ಳಿ ಮಯ್ಯ ಸಹೋದರರು, ಅಡಿಗೆಮನೆಯ ಕೆಲಸದಿಂದ ಮೇಲೆ ಬಂದು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕಡಂದಲೆ ಕೃಷ್ಣರಾಯರು, 1942ರಲ್ಲಿ ಮಾಟುಂಗದಲ್ಲಿ ಊಟದ ಮನೆ ತೆರೆದ ರಾಮ ನಾಯಕರು, ಎಲ್ಲರೂ ದೊಡ್ಡವರೇ. ಆದರೆ ಅಂಥ ಹೋಟೆಲುಗಳಲ್ಲಿ ತಟ್ಟೆ ಹೊತ್ತವರ ಬಗ್ಗೆ ಬರೆದಿಟ್ಟವರು ಕಡಿಮೆ. ಅಣ್ಣನ ಬಗ್ಗೆಯಂತೂ ನೀನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವನು ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಡಗೈಯಲ್ಲಿ ಮೊಣಕೈವರೆಗೂ ತಟ್ಟೆ, ಬಲಗೈಯಲ್ಲಿ ಸಾಂಬಾರಿನ ಬಕೇಟು. ತಿಂಗಳ ಕೊನೆಗೆ ಎರಡು ಇಡ್ಲಿಯಲ್ಲೇ ರಾತ್ರಿಯೂಟ ಮುಗಿಸುವ ಹುಡುಗರು ಬರುತ್ತಿದ್ದರು. ಸಾಂಬಾರು ಮತ್ತೆ ಕೇಳಲು ಅವರಿಗೆ ಸಂಕೋಚ. ಇಡ್ಲಿ ಮುರಿಯುವ ಬೆರಳು ನಿಧಾನವಾದದ್ದನ್ನು ಅಣ್ಣ ದೂರದಿಂದಲೇ ಗುರುತಿಸುತ್ತಿದ್ದ. ಪಕ್ಕದ ಮೇಜಿಗೆ ಹೊರಟವನಂತೆ ಬಂದು, ಮುಖ ನೋಡದೆ ಒಂದು ಸೌಟು ಬಡಿಸಿ ಮುಂದೆ ಹೋಗುತ್ತಿದ್ದ. ಮುಖ ನೋಡಿದರೆ ಮರ್ಯಾದೆಗೆ ಅಂಜಿ ಬೇಡ ಅಂದುಬಿಡುತ್ತಾರೆ ಎಂದು ಆಮೇಲೆ ನನಗೆ ಹೇಳಿದ. ‘ಹಸನ್ಮುಖಿ’ ಎಂದು ಬರೆದ ಜಾಗದಲ್ಲಿ ಇದನ್ನು ಬರೆ.

ರಾತ್ರಿ ಶಾಲೆಯ ವಿಷಯವನ್ನೂ ಬಿಡಬೇಡ. ಮುಂಬಯಿಯಲ್ಲಿ ಆಗ ಕನ್ನಡದ ರಾತ್ರಿ ಶಾಲೆಗಳಿದ್ದವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಅಲ್ಲಿ ಓದಿ ಮುಂದೆ ಬಂದವರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ. ತೊಡಕೆಂದರೆ, ಶಾಲೆ ಶುರುವಾಗುವ ಹೊತ್ತಿಗೇ ಹೋಟೆಲಿನಲ್ಲಿ ರಶ್ಶು. ಅಣ್ಣ ಕ್ಲೀನರ್ ಹುಡುಗರನ್ನು ಹಿಂಬಾಗಿಲಿನಿಂದ ಶಾಲೆಗೆ ಕಳಿಸಿ, ಅವರ ಮೇಜುಗಳನ್ನೂ ತಾನೇ ಒರೆಸುತ್ತಿದ್ದ. ತಾನು ಮಾತ್ರ ಐದನೆಯ ಕ್ಲಾಸಿನಿಂದ ಮುಂದೆ ಹೋಗಲಿಲ್ಲ.

ಇನ್ನೊಂದು ಮಾತು, ಹೇಳಲು ಕಷ್ಟವಾದದ್ದು. ಊರವರ ಮಕ್ಕಳನ್ನು ಹಾಗೆ ನೋಡಿಕೊಂಡವನು ತನ್ನ ಮಗ ಬೆಳೆದದ್ದನ್ನು ನೋಡಲಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ತನಕ ಮುಂಬಯಿಯಿಂದ ಊರಿಗೆ ಬರುವುದೆಂದರೆ ಬಸ್ಸಿನಲ್ಲಿ ರಾತ್ರಿ ಹಗಲು ಕೂತು ಬರುವ ಕೆಲಸ. ರಜೆ ಸಿಗುತ್ತಿದ್ದದ್ದು ವರ್ಷಕ್ಕೊಮ್ಮೆ. ನಿನ್ನ ಅಪ್ಪನಿಗೆ ಅವನು ಮಳೆಗಾಲಕ್ಕೆ ಮೊದಲು ಬಂದು ಹೋಗುವ ನೆಂಟನಾಗಿದ್ದ. ನಿನಗೆ ಸಿಕ್ಕ ಅಜ್ಜ, ನಿನ್ನ ತಲೆ ಬಾಚಿ ಶಾಲೆಗೆ ಬಿಟ್ಟು ಬರುತ್ತಿದ್ದ ಅಜ್ಜ, ನಿನ್ನ ಅಪ್ಪನಿಗೆ ಅಪ್ಪನಾಗಿ ಸಿಕ್ಕಿರಲಿಲ್ಲ. ಇದನ್ನು ಹೇಳಿದರೆ ಅಜ್ಜನ ಹೆಸರಿಗೆ ಕುಂದು ಬರುತ್ತದೆಂದು ಅಂಜಬೇಡ. ಆ ಸಂಬಳದಲ್ಲಿ ಇಷ್ಟು ಜನ ಉಂಡಿದ್ದೇವೆ. ಅದಕ್ಕೆ ಯಾರು ಏನು ತೆತ್ತರು ಎಂಬುದು ಸಭೆಗೂ ತಿಳಿಯಲಿ.

ಅಣ್ಣನ ಜೊತೆ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದ ಭಟ್ಟರು ಈಗ ಕೋಟೇಶ್ವರದಲ್ಲಿ ಮಗನ ಮನೆಯಲ್ಲಿದ್ದಾರೆ. ಕಿವಿ ಸ್ವಲ್ಪ ಮಂದ, ನೆನಪು ಗಟ್ಟಿ. ಅಜ್ಜ ಹೇಗಿದ್ದರು ಎಂದು ಕೇಳಿದರೆ ‘ಒಳ್ಳೆಯ ಜನ’ ಎಂದು ಮುಗಿಸಿಬಿಡುತ್ತಾರೆ. ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಿದ್ದಿರಿ, ಎಲ್ಲಿ ಮಲಗುತ್ತಿದ್ದಿರಿ, ಜ್ವರ ಬಂದರೆ ಗಂಜಿ ಮಾಡಿಕೊಡುತ್ತಿದ್ದವರು ಯಾರು, ಊರಿಗೆ ಕಾಗದ ಬರೆಯಲು ಬಾರದವರಿಗೆ ಬರೆದುಕೊಡುತ್ತಿದ್ದವರು ಯಾರು ಎಂದು ಒಂದೊಂದಾಗಿ ಕೇಳು. ಶನಿವಾರದೊಳಗೆ ಹೋಗಿ ಬಾ. ಹೋಗುವಾಗ ನಿನ್ನ ಅಪ್ಪನನ್ನೂ ಕರೆದುಕೊಂಡು ಹೋಗು. ಆ ಸಂಗತಿಗಳನ್ನು ಅವನೂ ಕೇಳಿಲ್ಲ.