ಚೋಳಮಂಡಲದಲ್ಲಿ ಅರ್ಧ ದಿನ

ಚೆನ್ನೈಯಿಂದ ಮಹಾಬಲಿಪುರಕ್ಕೆ ಹೋಗುವ ಈಸ್ಟ್ ಕೋಸ್ಟ್ ರಸ್ತೆಯಲ್ಲಿ (ಇಸಿಆರ್), ಇಂಜಂಬಾಕ್ಕಂ ಎಂಬಲ್ಲಿ ಚೋಳಮಂಡಲ ಕಲಾವಿದರ ಗ್ರಾಮವಿದೆ. ಮಹಾಬಲಿಪುರ ಮುಟ್ಟುವ ಅವಸರದಲ್ಲಿ ಬಹಳಷ್ಟು ಜನ ಇದನ್ನು ದಾಟಿ ಹೋಗಿಬಿಡುತ್ತಾರೆ. ಚಿತ್ರಕಲೆಯ ಮೇಲೆ ಪ್ರೀತಿಯಿದ್ದವರು ಇಲ್ಲಿಗೆಂದೇ ಅರ್ಧ ದಿನ ತೆಗೆದಿಡಬೇಕು.

ಮದರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ತಮ್ಮ ಶಿಷ್ಯರು, ಗೆಳೆಯರ ಜತೆ 1966ರಲ್ಲಿ ಕಟ್ಟಿದ ಊರಿದು. ಬರೀ ಚಿತ್ರ ಮಾರಿ ಹೊಟ್ಟೆ ಹೊರೆಯುವುದು ಕಷ್ಟವಾಗಿದ್ದ ಕಾಲ. ಬಾಟಿಕ್ ಬಟ್ಟೆ, ಲೋಹದ ಸಾಮಾನು ಮಾಡಿ ಮಾರಿದರು. ಆ ದುಡ್ಡಿನ ಬಲದಲ್ಲಿ ಜಾಗ ಕೊಂಡರು, ಮನೆ ಕಟ್ಟಿದರು, ಯಾರ ಹಂಗಿಲ್ಲದೆ ತಮಗೆ ಬೇಕೆನಿಸಿದ್ದನ್ನು ಬರೆದರು. ಆ ಮೊದಲ ಗುಂಪಿನಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಇದ್ದರು. 1970ರ ‘ಸಂಸ್ಕಾರ’ ಸಿನಿಮಾದ ಕಲಾ ನಿರ್ದೇಶಕರು ಅವರೇ.

ಚೆನ್ನೈಯಲ್ಲಿ ತಿರುವಾನ್ಮಿಯೂರಿನವರೆಗೆ ಲೋಕಲ್ ರೈಲಿದೆ. ಅಲ್ಲಿಂದ ಇಸಿಆರ್ ಮೇಲೆ ದಕ್ಷಿಣಕ್ಕೆ ಹೋಗುವ ಬಸ್ಸು ಅಥವಾ ಆಟೊ ಹಿಡಿಯಿರಿ. ಗ್ರಾಮದ ಹಲವು ಶಿಲ್ಪಗಳು ಬಯಲಲ್ಲಿವೆ, ಸಮುದ್ರದ ಕಡೆಯ ಬಿಸಿಲು ಕಟುವಾದದ್ದು. ಜನವರಿ, ಫೆಬ್ರವರಿಯ ಬೆಳಗಿನ ಹೊತ್ತು ಒಳ್ಳೆಯದು. ಈಗ ಯಾರ ಪ್ರದರ್ಶನ ನಡೆಯುತ್ತಿದೆ, ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ ಎಂದು ಹೊರಡುವ ಮುಂಚೆ ಫೋನು ಮಾಡಿ ಕೇಳಿ.

ಒಳಗೆ ಹೋದವರು ಹೊಸಬರ ಪ್ರದರ್ಶನಕ್ಕೆ ನುಗ್ಗದೆ, ಮದ್ರಾಸ್ ಚಳವಳಿಯ ಮ್ಯೂಸಿಯಂನಿಂದ ಶುರುಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಣಿಕ್ಕರ್ ಮತ್ತವರ ಸಂಗಡಿಗರು ಬೆಳೆಸಿದ ಈ ಕಲಾ ಚಳವಳಿಯ ಜೀವ ಇರುವುದು ಗೆರೆಯಲ್ಲಿ. ಪಣಿಕ್ಕರ್ ಅವರ ‘ಪದಗಳು ಮತ್ತು ಸಂಕೇತಗಳು’ ಸರಣಿಯ ಚಿತ್ರಗಳಲ್ಲಿ ಅಕ್ಷರದಂಥ ಗೀಚುಗಳು, ಜಾತಕದ ಮನೆಗಳಂಥ ಚೌಕಗಳು ಕಾಣುತ್ತವೆ. ಅವನ್ನು ಓದಲು ಹೆಣಗಬೇಡಿ. ನಾಲ್ಕು ಹೆಜ್ಜೆ ಹಿಂದೆ ಸರಿದು ಗೆರೆ, ಬಣ್ಣ ಹರಡಿಕೊಂಡ ಬಗೆಯನ್ನು ನೋಡಿ, ಆಮೇಲೆ ಹತ್ತಿರ ಹೋಗಿ. ಪಿ.ವಿ. ಜಾನಕಿರಾಮ್ ತಾಮ್ರದ ತಗಡಿನಲ್ಲಿ ಮಾಡಿದ ಶಿಲ್ಪಗಳಿಗೆ ಮಾತ್ರ ಎದುರಿಗೇ ನಿಲ್ಲಬೇಕು. ದೇವರ ಮುಖವಾಡ, ಪ್ರಭಾವಳಿಗಳನ್ನು ನಾವು ಎದುರಿನಿಂದ ನೋಡುತ್ತೇವಲ್ಲ, ಅದೇ ರೀತಿ. ಇಷ್ಟು ನೋಡಿದ ಕಣ್ಣಿಗೆ ಪಕ್ಕದ ಗ್ಯಾಲರಿಯ ಹೊಸ ಚಿತ್ರಗಳಲ್ಲಿ ಯಾವುದು ಹಳೆಯ ದಾರಿ, ಯಾವುದು ಸ್ವಂತದ್ದು ಎಂದು ತಾನಾಗಿ ಹೊಳೆಯತೊಡಗುತ್ತದೆ.

ಕಲಾವಿದರು ಅಲ್ಲಿದ್ದರೆ ಮಾತಾಡಿಸಿ. ಬೆಲೆ ಕೇಳಲು ಸಂಕೋಚ ಬೇಡ. ಕೊಳ್ಳಲೇಬೇಕೆಂದು ಯಾರೂ ಒತ್ತಾಯಿಸುವುದಿಲ್ಲ. ಸಾಮಾನ್ಯವಾಗಿ ಕ್ಯಾನ್ವಾಸಿಗಿಂತ ಕಾಗದದ ಮೇಲಿನ ರೇಖಾಚಿತ್ರಗಳು ಅಗ್ಗ. ಕೊಂಡರೆ ಸಹಿ ನೋಡಿಕೊಳ್ಳಿ, ರಸೀದಿ ಪಡೆಯಿರಿ; ರೈಲಿನಲ್ಲಿ ಮರಳುವವರು ಚೌಕಟ್ಟು ಹಾಕಿಸದೆ ಕೊಳವೆಯಲ್ಲಿ ಸುತ್ತಿಸಿಕೊಳ್ಳಿ. ಫೋಟೊ ತೆಗೆಯುವ ಮುನ್ನ ಕೇಳಿ. ಸುತ್ತಲಿನ ಮನೆಗಳಲ್ಲಿ ಸಂಸಾರಗಳಿವೆ, ಕರೆಯದೆ ಒಳಗೆ ಇಣುಕಬಾರದು.

ಮಧ್ಯಾಹ್ನ ಉಳಿದರೆ ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಮುಟ್ಟುಕಾಡಿನ ದಕ್ಷಿಣಚಿತ್ರ ಮ್ಯೂಸಿಯಂಗೆ ಹೋಗಬಹುದು. ಅಲ್ಲಿ ಇಳಕಲ್ಲಿನ ನೇಕಾರರ ಮನೆಯೊಂದಿದೆ. ಮಂಗಳವಾರ ದಕ್ಷಿಣಚಿತ್ರಕ್ಕೆ ರಜೆ.