ಪರೀಕ್ಷಾ ಫಲಿತಾಂಶವೂ ಕಲಿಕೆಯ ಅಂತರವೂ

ವರ್ಷವರ್ಷವೂ ಮೇ ತಿಂಗಳು ಬಂದಿತೆಂದರೆ ನಮ್ಮ ಸತ್ಯನಾರಾಯಣಪೇಟೆಯ ಚಹದ ಅಂಗಡಿಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶದ ಜಿಲ್ಲಾವಾರು ಪಟ್ಟಿಯ ಚರ್ಚೆ ನಡೆಯುತ್ತದೆ. ಮೇಲಿರುವುದು ಜಾಣರ ಜಿಲ್ಲೆ, ಕೆಳಗಿರುವುದು ದಡ್ಡರ ಜಿಲ್ಲೆ ಎಂಬ ತೀರ್ಪು ಬಟ್ಟಲು ಬರಿದಾಗುವುದರೊಳಗೆ ಹೊರಬಿದ್ದಿರುತ್ತದೆ. ನಮ್ಮ ಸೀಮೆಯ ಹೆಸರು ಆ ಪಟ್ಟಿಯ ಮೇಲ್ತುದಿಯಲ್ಲಿ ಕಾಣುವುದು ಅಪರೂಪವಾದುದರಿಂದ ಈ ತೀರ್ಪು ನಮಗೆ ನಾಟುವಂಥದೇ. ಆದರೆ ಆ ಪಟ್ಟಿ ಅಳೆಯುವುದಾದರೂ ಏನನ್ನು?

ಎರಡು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. 2023ರಲ್ಲಿ ಮೊದಲನೆಯದು ಚಿತ್ರದುರ್ಗ, ಶೇಕಡಾ 96.80, ಕೊನೆಯದು ಯಾದಗಿರಿ, ಶೇಕಡಾ 75.49. ಅಂತರ ಸುಮಾರು 21. ಮರುವರ್ಷ, ಅಂದರೆ 2024ರಲ್ಲಿ, ಮೊದಲನೆಯದು ಉಡುಪಿ, ಶೇಕಡಾ 94; ಕೊನೆಯದು ಮತ್ತೆ ಯಾದಗಿರಿ, ಶೇಕಡಾ 50.59. ಅಂತರ 43ಕ್ಕೂ ಮೇಲೆ. ಹನ್ನೆರಡು ತಿಂಗಳಲ್ಲಿ ಮಕ್ಕಳ ತಿಳಿವಿನ ಅಂತರ ಇಮ್ಮಡಿಯಾಯಿತೆಂದು ನಂಬುವವರುಂಟೆ? ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನಿಟ್ಟು ವೆಬ್‌ಕಾಸ್ಟಿಂಗ್ ಮೂಲಕ ಕಾವಲು ಬಿಗಿಮಾಡಿದರು. ಬದಲಾದುದು ಮುಖ್ಯವಾಗಿ ಅಳತೆಗೋಲು. ಹಿಂದಿನ ಗೋಲು ಅಂತರವನ್ನು ಮುಚ್ಚಿಟ್ಟಿತ್ತು ಎಂಬುದು ನನ್ನ ಅಭಿಪ್ರಾಯ. ಮುಚ್ಚಿಟ್ಟುದರಿಂದ ನಷ್ಟವಾದುದು ಯಾದಗಿರಿಯ ಮಕ್ಕಳಿಗೇ. ಕಾಣದ ಗಾಯಕ್ಕೆ ಔಷಧ ಹಚ್ಚುವವರಿಲ್ಲ.

ಅದೇ 2024ರಲ್ಲಿ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಅರ್ಹತೆಯ ಅಂಕವನ್ನು ಶೇಕಡಾ 35ರಿಂದ 25ಕ್ಕೆ ಇಳಿಸಿದರು. ಇಂತಹ ಗೆರೆಯ ಜರುಗಾಟ ಏನು ಮಾಡಬಲ್ಲುದೆಂದು ತಿಳಿಯಲು ಒಂದು ಕಲ್ಪಿತ ಲೆಕ್ಕವನ್ನು ಮಾಡಬಹುದು. ಒಂದು ಹಳ್ಳಿಯ ಶಾಲೆಯ ಹತ್ತು ಮಕ್ಕಳ ಅಂಕಗಳು 22, 26, 27, 29, 31, 33, 38, 41, 45, 50 ಎಂದಿರಲಿ. ಪೇಟೆಯ ಶಾಲೆಯವು 30, 36, 37, 40, 44, 48, 52, 55, 60, 71 ಎಂದಿರಲಿ. ತೇರ್ಗಡೆಯ ಗೆರೆ 35ರಲ್ಲಿದ್ದರೆ ಹಳ್ಳಿಯಲ್ಲಿ ನಾಲ್ವರು, ಪೇಟೆಯಲ್ಲಿ ಒಂಬತ್ತು ಮಂದಿ ಪಾಸು. ಅಂತರ ಶೇಕಡಾ 50. ಗೆರೆಯನ್ನು 25ಕ್ಕೆ ಎಳೆದರೆ ಒಂಬತ್ತು ಮತ್ತು ಹತ್ತು. ಅಂತರ ಬರಿಯ 10. ಒಬ್ಬ ಹುಡುಗನೂ ಒಂದಕ್ಷರ ಹೆಚ್ಚು ಕಲಿತಿಲ್ಲ. ಸರಾಸರಿ ಅಂಕಗಳಾದರೋ 34.2 ಮತ್ತು 47.3, ಎರಡು ಸಲವೂ ಅವೇ. ಹೀಗಿರಲು ತೇರ್ಗಡೆಯ ಶೇಕಡಾವಾರನ್ನು ನೆಚ್ಚಿ ಅಂತರ ಕುಗ್ಗಿತೆಂದು ಹಿಗ್ಗುವುದೂ ಹಿಗ್ಗಿತೆಂದು ಕುಗ್ಗುವುದೂ ಒಂದೇ ತೆರನ ಅವಸರ.

ಇದಕ್ಕಿಂತ ದೊಡ್ಡ ಪ್ರಶ್ನೆ, ಲೆಕ್ಕದಲ್ಲಿ ಸೇರಿದವರು ಯಾರು ಎಂಬುದು. 2024ರಲ್ಲಿ ಹುಡುಗಿಯರ ಫಲಿತಾಂಶ ಶೇಕಡಾ 81.11, ಹುಡುಗರದು 65.90. ಹುಡುಗಿಯರು ಮುಂದೆ ಎಂದು ಎಲ್ಲರೂ ಕೊಂಡಾಡಿದರು, ನಾನೂ ಕೊಂಡಾಡುತ್ತೇನೆ. ಆದರೆ ಕುರುಗೋಡು, ಸಿರುಗುಪ್ಪದ ಕಡೆ ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ತಾಯಿಯ ಜತೆ ಹೊಲಕ್ಕೆ ಹೋದವಳು, ಏಳನೆಯ ತರಗತಿಗೇ ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡವಳು, ಈ 81.11ರ ಮೇಲಿನ ಲೆಕ್ಕದಲ್ಲಿಯೂ ಇಲ್ಲ, ಕೆಳಗಿನ ಲೆಕ್ಕದಲ್ಲಿಯೂ ಇಲ್ಲ. ಪರೀಕ್ಷೆಗೆ ಕುಳಿತವರನ್ನಷ್ಟೇ ಎಣಿಸುವ ಪಟ್ಟಿಗೆ ಕುಳಿತುಕೊಳ್ಳಲಾರದವರ ಸುದ್ದಿ ತಿಳಿಯದು.

ಸಮೀಕ್ಷೆಗಳಿಗೂ ಇಂತಹ ಕುರುಡುಮೂಲೆಗಳುಂಟು. 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆ 3, 5, 8 ಮತ್ತು 10ನೆಯ ತರಗತಿಗಳ ಮಕ್ಕಳನ್ನು ಶಾಲೆಯಲ್ಲಿ ಪರೀಕ್ಷಿಸಿತು; ಅಂದು ಹಾಜರಿದ್ದವರೇ ಅದಕ್ಕೆ ಸಿಕ್ಕವರು. 2005ರಲ್ಲಿ ಆರಂಭವಾದ ‘ಅಸರ್’ ಸಮೀಕ್ಷೆಯವರು ಮನೆಮನೆಗೆ ಹೋಗಿ, ಶಾಲೆ ಬಿಟ್ಟ ಮಗುವಿನ ಕೈಗೂ ಎರಡನೆಯ ತರಗತಿಯ ಪಾಠವನ್ನು ಕೊಟ್ಟು ಓದಿಸುತ್ತಾರೆ. ಇದು ಮೆಚ್ಚತಕ್ಕ ಕ್ರಮ. ಆದರೆ ಅದು ಹಳ್ಳಿಗಳ ಸಮೀಕ್ಷೆ. ನಮ್ಮ ಪೇಟೆಯ ಗಲ್ಲಿಯ ಮಗುವನ್ನು ಅದು ಮುಟ್ಟುವುದಿಲ್ಲ.

ನಮ್ಮ ಜಿಲ್ಲೆಯೂ ಸೇರಿದಂತೆ ಈಶಾನ್ಯ ಕರ್ನಾಟಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರಕಾರದೊಡನೆ ಕೂಡಿ 2002ರಲ್ಲಿ ಆರಂಭಿಸಿದ ‘ಕಲಿಕಾ ಖಾತರಿ’ ಪ್ರಯೋಗ ಇಲ್ಲಿ ನೆನೆಯಬೇಕಾದುದು. ಶಾಲೆಗಳು ತಾವಾಗಿ ಮುಂದೆ ಬಂದು ಅಳತೆಗೆ ಒಳಪಡಬೇಕಾಗಿತ್ತು. ಅಂಕಗಳ ಜತೆಗೆ ದಾಖಲಾತಿ, ಹಾಜರಿಗಳನ್ನೂ ನೋಡುತ್ತಿದ್ದರು. ಹೀಗಾಗಿ ಮಂದಮತಿಗಳೆನಿಸಿದವರನ್ನು ಹೊರಗಿಟ್ಟು ಹೆಸರು ಗಳಿಸುವುದು ಸುಲಭವಿರಲಿಲ್ಲ.

ಅಂತರದ ಕಾರಣ ಶಾಲೆಯಲ್ಲಿಯೇ ಇದೆಯೆಂದೂ ಹೇಳಲಾಗದು. 1966ರಲ್ಲಿ ಅಮೆರಿಕದ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಅಭ್ಯಸಿಸಿ, ಕಟ್ಟಡ ಪುಸ್ತಕಗಳಿಗಿಂತ ಮನೆಯ ಸ್ಥಿತಿಗತಿಯೇ ಅಂಕಗಳ ಮೇಲೆ ಹೆಚ್ಚು ಪ್ರಭಾವ ಬೀರುತ್ತದೆಂದು ಕಂಡರು. ಬಳ್ಳಾರಿಯಲ್ಲಿ ಇದಕ್ಕೆ ಭಾಷೆಯನ್ನೂ ಸೇರಿಸಬೇಕು. ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಆಡುವ ಮಗುವಿಗೆ ಕನ್ನಡದಲ್ಲಿ ಬರೆದ ಬಡ್ಡಿಯ ಲೆಕ್ಕವನ್ನು ಕೊಟ್ಟರೆ, ತಪ್ಪಿದ್ದು ಗಣಿತವೋ ಮಾತೋ ಎಂಬುದನ್ನು ಅಂಕಪಟ್ಟಿ ತಿಳಿಸುವುದಿಲ್ಲ. ನನ್ನಂತೆ ಮನೆಯಲ್ಲಿ ಮೊದಲ ಬಾರಿಗೆ ಪದವಿಯ ತನಕ ಬಂದವರು ಯಾರು ಯಾರು ಎಂಬ ಕಲಮೂ ಅದರಲ್ಲಿಲ್ಲ.

ಈ ಕೆಲಸವನ್ನು ನಮ್ಮ ಕಾಲೇಜಿನಲ್ಲಿಯೇ ಆರಂಭಿಸಬಹುದು. ಮೊದಲನೆಯ ಸೆಮಿಸ್ಟರಿನ ಮತ್ತು ಕೊನೆಯ ಸೆಮಿಸ್ಟರಿನ ಅಂಕಗಳು ಕಚೇರಿಯಲ್ಲಿ ಇದ್ದೇ ಇವೆ. ಹೆಸರುಗಳನ್ನು ತೆಗೆದು, ಹಳ್ಳಿ, ಪೇಟೆ, ಮನೆಮಾತು, ತಂದೆತಾಯಿಯರ ಓದು ಇವುಗಳಂತೆ ವಿಂಗಡಿಸಿ, ಯಾರು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿದರೆಂದು ಲೆಕ್ಕ ಹಾಕಬೇಕು. ನಡುವೆ ಕಾಲೇಜು ಬಿಟ್ಟವರನ್ನು ಪಟ್ಟಿಯಿಂದ ಅಳಿಸಕೂಡದು. ಅರ್ಥಶಾಸ್ತ್ರದ ಅಧ್ಯಾಪಕರು ಒಪ್ಪಿದರೆ ಬೇಸಗೆಯ ರಜೆಯಲ್ಲಿ ನಾಲ್ಕಾರು ಮಂದಿ ಕೂತು ಇದನ್ನು ಮುಗಿಸಬಹುದು. ಮುಂದಿನ ಸಂಚಿಕೆಯೊಳಗೆ ಪಟ್ಟಿ ಅಚ್ಚಿಗೆ ಸಿದ್ಧವಾದೀತು.