ಮಣಿಕಟ್ಟಿನ ಲೆಕ್ಕಪುಸ್ತಕವನ್ನು ಓದುವ ಬಗೆ

ನಮ್ಮ ಕಚೇರಿಯಲ್ಲಿ ಲೆಕ್ಕಪರಿಶೋಧನೆ ಮಾಡಿಸುವ ಜವಳಿ ವರ್ತಕರೊಬ್ಬರಿಗೆ ಒಂದು ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಎದೆ ಬಿಗಿದಂತಾಯಿತು. ಮಣಿಕಟ್ಟಿನ ಗಡಿಯಾರವನ್ನು ನೋಡಿಕೊಂಡರು. ನಾಡಿಬಡಿತ 78 ಎಂದು ತೋರಿಸಿತು. ಎಚ್ಚರಿಕೆಯ ಸೂಚನೆ ಯಾವುದೂ ಇರಲಿಲ್ಲ. ಸಮಾಧಾನಪಟ್ಟು ಮನೆಗೆ ಹೋಗಿ ಮಲಗಿದರು. ಬೆಳಗಿನ ಜಾವ ಅವರ ಮಗ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆಗಿದ್ದುದು ಹೃದಯಾಘಾತ. ದೇವರ ದಯೆಯಿಂದ ಚೇತರಿಸಿಕೊಂಡಿದ್ದಾರೆ. ಮುಂದೆ ಭೇಟಿಯಾದಾಗ ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಪ್ರೇರಣೆ: “ಸ್ವಾಮಿ, ಅಷ್ಟು ಹಣ ಕೊಟ್ಟು ತಂದ ಗಡಿಯಾರ ಸುಳ್ಳು ಹೇಳಿತೇ?”

ಗಡಿಯಾರ ಸುಳ್ಳು ಹೇಳಿರಲಿಲ್ಲ. ನಾಡಿ ಎಷ್ಟು ಬಾರಿ ಬಡಿಯುತ್ತಿದೆ ಎಂಬುದು ಅದಕ್ಕೆ ತಿಳಿದಿತ್ತು. ಹೃದಯದ ರಕ್ತನಾಳ ಕಟ್ಟಿಕೊಂಡಿದೆಯೇ ಎಂಬುದು ಅದರ ಲೆಕ್ಕಕ್ಕೆ ಸಿಗುವ ಬಾಬತ್ತೇ ಅಲ್ಲ. ನಗದು ಪುಸ್ತಕ ತಾಳೆಯಾಯಿತೆಂದ ಮಾತ್ರಕ್ಕೆ ದಾಸ್ತಾನೂ ಸರಿಯಿದೆ ಎಂದು ಯಾವ ವರ್ತಕನೂ ಒಪ್ಪುವುದಿಲ್ಲ. ದೇಹದ ಲೆಕ್ಕಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವ ನಾವು ಈ ವಿಷಯವನ್ನು ಉಪೇಕ್ಷಿಸುವಂತಿಲ್ಲ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನವನ್ನು ಆಧರಿಸಿ 2007ರಲ್ಲಿ ಪ್ರಕಟವಾದ ವರದಿಯಂತೆ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53. ಉಳಿದವರಿಗೆ ಸುಮಾರು 59. ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಬೆಂಬಲದ ಅಧ್ಯಯನವು 2023ರಲ್ಲಿ ಅಂದಾಜಿಸಿತು.

ಅಳತೆ ಯಾವುದು, ಅಂದಾಜು ಯಾವುದು?

ಗಡಿಯಾರದ ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕನ್ನು ನೀವು ಗಮನಿಸಿರಬಹುದು. ರಕ್ತವು ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿಯ ರಕ್ತದ ಪ್ರಮಾಣ ಏರಿಳಿಯುವುದರಿಂದ ಹಿಂದಿರುಗುವ ಬೆಳಕೂ ಏರಿಳಿಯುತ್ತದೆ. ಅದನ್ನು ಎಣಿಸಿದರೆ ನಾಡಿಬಡಿತ. ಕೈಯ ಚಲನೆಯನ್ನು ಗ್ರಹಿಸುವ ಮತ್ತೊಂದು ಸಂವೇದಕದಿಂದ ಹೆಜ್ಜೆಗಳ ಎಣಿಕೆ. ಇವೆರಡನ್ನು ಓಚರ್ ಇರುವ ಬರಹಗಳೆಂದು ತಿಳಿಯಬಹುದು. ಖರ್ಚಾದ ಕ್ಯಾಲೊರಿ, ನಿದ್ರೆಯ ಹಂತಗಳು, ಒತ್ತಡದ ಅಂಕ ಇವೆಲ್ಲವೂ ಮೂಲ ಬರಹಗಳಿಗೆ ಸೂತ್ರ ಹಚ್ಚಿ ಪಡೆದ ಅಂದಾಜುಗಳು. ವಸೂಲಾಗದ ಸಾಲಕ್ಕೆಂದು ವರ್ಷಾಂತ್ಯದಲ್ಲಿ ನಾವು ತೆಗೆದಿಡುವ ಮೊತ್ತವಿದ್ದಂತೆ.

ಈ ಎರಡರ ಅಂತರ ಎಷ್ಟೆಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು 2017ರಲ್ಲಿ ತೋರಿಸಿಕೊಟ್ಟಿತು. 60 ಮಂದಿಯ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಆರು ಸಾಧನಗಳು ನಾಡಿಬಡಿತವನ್ನು ಶೇ. 5ಕ್ಕಿಂತ ಕಡಿಮೆ ತಪ್ಪಿನಲ್ಲಿ ಅಳೆದವು. ಕ್ಯಾಲೊರಿಯ ಲೆಕ್ಕದಲ್ಲಾದರೋ ಅತ್ಯುತ್ತಮ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತು, ಕೊನೆಯದು ಶೇ. 93ರಷ್ಟು. “ಇಂದು ಐನೂರು ಕ್ಯಾಲೊರಿ ಕರಗಿಸಿದ್ದೇನೆ” ಎಂದು ಮೈಸೂರು ಪಾಕಿಗೆ ಕೈಹಾಕುವ ಮುನ್ನ ಇದು ನೆನಪಿರಲಿ.

ಇನ್ನೂ ಒಂದು ಎಚ್ಚರಿಕೆ ಅವಶ್ಯ. ಚರ್ಮ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆಂದು ಹೇಳುವ ಗಡಿಯಾರ, ಉಂಗುರಗಳು ಮಾರಾಟಕ್ಕೆ ಬರುತ್ತಿವೆ. ಅಂತಹ ಯಾವ ಸಾಧನಕ್ಕೂ ತಾನು ಅನುಮತಿ ನೀಡಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಇಂಥವುಗಳ ಅಂಕಿ ನೋಡಿ ಇನ್ಸುಲಿನ್ ಪ್ರಮಾಣ ಬದಲಿಸುವುದು ಪ್ರಾಣಾಪಾಯಕ್ಕೆ ದಾರಿ.

ಹತ್ತು ಸಾವಿರ ಹೆಜ್ಜೆಯ ಮೂಲ

ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ವೈದ್ಯಶಾಸ್ತ್ರದಿಂದ ಬಂದುದೆಂದು ಬಹುಮಂದಿ ನಂಬಿದ್ದಾರೆ. ಟೋಕಿಯೋ ಒಲಿಂಪಿಕ್ಸ್‌ನ ಮರುವರ್ಷ, ಅಂದರೆ 1965ರಲ್ಲಿ, ಜಪಾನಿನ ಯಾಮಾಸಾ ಕಂಪನಿಯು ‘ಮಾನ್‌ಪೋ-ಕೇ’ ಎಂಬ ಹೆಜ್ಜೆಮಾಪಕವನ್ನು ಮಾರುಕಟ್ಟೆಗೆ ತಂದಿತು. ಆ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ಸರಕಿನ ಹೆಸರೊಂದು ಜಗತ್ತಿಗೇ ಮಾನದಂಡವಾಯಿತು! ವಯಸ್ಸಾದ ಮಹಿಳೆಯರನ್ನು ಕುರಿತು ಹಾರ್ವರ್ಡ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 4,400 ಹೆಜ್ಜೆಗಳಲ್ಲಿಯೇ ಮರಣದ ಅಪಾಯ ತಗ್ಗಿದ್ದು ಕಂಡುಬಂತು. ಸುಮಾರು 7,500ರ ನಂತರ ಲಾಭ ಹೆಚ್ಚಲಿಲ್ಲ. ಎರಡು ಸಾವಿರ ಹೆಜ್ಜೆಯವರು ನಾಲ್ಕು ಸಾವಿರಕ್ಕೆ ಏರುವುದೇ ದೊಡ್ಡ ಗಳಿಕೆ ಎಂದಾಯಿತು.

ಕೃತಕ ಬುದ್ಧಿಮತ್ತೆ ತಂದ ಬದಲಾವಣೆ

ಹಿಂದಿನ ಸಾಧನಗಳು ಎಲ್ಲರಿಗೂ ಒಂದೇ ಮಟ್ಟವನ್ನು ಹಿಡಿದು ಅಳೆಯುತ್ತಿದ್ದವು. ಇಂದಿನವು ಕೆಲವು ವಾರಗಳ ಅಂಕಿಗಳಿಂದ ನಿಮ್ಮದೇ ವಾಡಿಕೆಯ ಮಟ್ಟವನ್ನು ಕಲಿತು, ಅದರಿಂದ ಆಗುವ ವ್ಯತ್ಯಾಸವನ್ನು ಎತ್ತಿ ತೋರಿಸುತ್ತವೆ. ಅನುಭವಿ ಗುಮಾಸ್ತನು ಮಾಮೂಲಿ ಖರ್ಚನ್ನು ಬಲ್ಲವನಾದ್ದರಿಂದ ಅಸಹಜ ಬಿಲ್ಲನ್ನು ಕಂಡೊಡನೆ ತಡೆಹಿಡಿಯುವಂತೆ. ನನ್ನ ಅನುಭವವನ್ನೇ ಹೇಳುವುದಾದರೆ, ತೆರಿಗೆ ಪರಿಶೋಧನಾ ವರದಿಗಳ ಒತ್ತಡದ ಸೆಪ್ಟೆಂಬರ್ ತಿಂಗಳಲ್ಲಿ ನನ್ನ ವಿಶ್ರಾಂತಿಯ ನಾಡಿಬಡಿತ ಏರುವುದನ್ನೂ ನಿದ್ರೆ ಕುಗ್ಗುವುದನ್ನೂ ಸಾಧನವೇ ನನಗೆ ಮನಗಾಣಿಸಿತು.

ಇದರ ಶಕ್ತಿ ಮತ್ತು ಮಿತಿ ಎರಡಕ್ಕೂ 2019ರಲ್ಲಿ ಪ್ರಕಟವಾದ ಆ್ಯಪಲ್ ಹೃದಯ ಅಧ್ಯಯನ ಸಾಕ್ಷಿ. ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಪಾಲ್ಗೊಂಡ ಈ ಅಧ್ಯಯನದಲ್ಲಿ ಅನಿಯಮಿತ ನಾಡಿಯ ಎಚ್ಚರಿಕೆ ಬಂದದ್ದು ಶೇ. 0.52 ಮಂದಿಗೆ. ಬಳಿಕ ಎದೆಗೆ ಇಸಿಜಿ ಪಟ್ಟಿ ಧರಿಸಿ ಪರೀಕ್ಷೆಗೆ ಒಳಗಾದವರಲ್ಲಿ ಶೇ. 34 ಮಂದಿಗೆ ಏಟ್ರಿಯಲ್ ಫಿಬ್ರಿಲೇಷನ್ ದೃಢಪಟ್ಟಿತು. ಪಾರ್ಶ್ವವಾಯುವಿಗೆ ಕಾರಣವಾಗಬಲ್ಲ ಈ ತೊಂದರೆ ಬಂದು ಹೋಗುವ ಸ್ವಭಾವದ್ದು. ಆದ್ದರಿಂದ ಉಳಿದ ಎಚ್ಚರಿಕೆಗಳೆಲ್ಲ ಹುಸಿ ಎನ್ನಲಾಗದು. ಎಚ್ಚರಿಕೆ ಬಂದರೆ ವೈದ್ಯರಲ್ಲಿಗೆ ಹೋಗಬೇಕು. ಬಾರದಿದ್ದರೆ ಅದನ್ನು ಆರೋಗ್ಯದ ಪ್ರಮಾಣಪತ್ರವೆಂದು ತಿಳಿಯಬಾರದು.

2023ರಿಂದ ಈಚೆಗೆ ಪ್ರಶ್ನೆಗೆ ಮಾತಿನಲ್ಲೇ ಉತ್ತರಿಸುವ ಸಲಹೆಗಾರ ತಂತ್ರಾಂಶಗಳೂ ಈ ಸಾಧನಗಳೊಡನೆ ಸೇರಿವೆ. ಅವುಗಳ ಭಾಷೆ ಎಷ್ಟು ನಯವೋ ತಪ್ಪು ಹೇಳುವಾಗಿನ ಧೈರ್ಯವೂ ಅಷ್ಟೇ. ಮಂಡಿನೋವು, ಔಷಧ, ಹಳೆಯ ಕಾಯಿಲೆಗಳನ್ನು ನೀವು ತಿಳಿಸದಿದ್ದರೆ ಅವಕ್ಕೆ ಗೊತ್ತಾಗುವುದಿಲ್ಲ.

ಹಾಕಿದ ಹಣಕ್ಕೆ ಫಲವಿದೆಯೇ?

ಅಮೆರಿಕದಲ್ಲಿ 471 ಯುವಜನರ ಮೇಲೆ ಎರಡು ವರ್ಷ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದ ಫಲಿತಾಂಶ ಅಚ್ಚರಿ ತರುವಂತಹುದು. ಆಹಾರ ಮತ್ತು ವ್ಯಾಯಾಮದ ಸಲಹೆಯೊಡನೆ ಸಾಧನವನ್ನೂ ಧರಿಸಿದವರು ಸರಾಸರಿ 3.5 ಕಿಲೋ ಇಳಿದರೆ, ಸಾಧನವಿಲ್ಲದ ಗುಂಪು 5.9 ಕಿಲೋ ಇಳಿಯಿತು. ಹಾಗೆಂದು ಸಾಧನ ವ್ಯರ್ಥವೆಂದು ತೀರ್ಮಾನಿಸಲಾಗದು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಪರಾಮರ್ಶೆಯಂತೆ, ಧರಿಸುವವರು ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚು ನಡೆಯುತ್ತಾರೆ. ತಾತ್ಪರ್ಯವಿಷ್ಟೆ: ಲೆಕ್ಕ ಬರೆದಿಟ್ಟ ಮಾತ್ರಕ್ಕೆ ಲಾಭ ಬರುವುದಿಲ್ಲ, ಲೆಕ್ಕ ನೋಡಿ ವ್ಯಾಪಾರದ ರೀತಿಯನ್ನು ತಿದ್ದಿಕೊಂಡವನಿಗೆ ಬರುತ್ತದೆ.

ನೌಕರರಿಗೆ ಕೊಡುವ ಮುನ್ನ

ಕೆಲವು ಉದ್ಯಮಿಗಳು ನೌಕರರಿಗೆ ಈ ಪಟ್ಟಿಗಳನ್ನು ಹಂಚುವ ಯೋಚನೆಯಲ್ಲಿದ್ದಾರೆ. ಸ್ವಂತ ಬಳಕೆಗೆ ಕೊಂಡ ಅಥವಾ ಉಡುಗೊರೆಯಾಗಿ ಕೊಟ್ಟ ಸರಕಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದೆಂದು ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮು ಹೇಳುತ್ತದೆ. ಅದಕ್ಕಿಂತ ಮುಖ್ಯವಾದುದು ಮಾಹಿತಿಯ ಹೊಣೆ. 2018ರಲ್ಲಿ ಸ್ಟ್ರಾವಾ ಎಂಬ ವ್ಯಾಯಾಮ ತಂತ್ರಾಂಶದ ನಕ್ಷೆಯಿಂದ ಸೈನಿಕರು ಓಡಾಡುವ ನೆಲೆಗಳೇ ಬಯಲಾದ ಉದಾಹರಣೆ ನಮ್ಮ ಮುಂದಿದೆ. ನಮ್ಮಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರಲ್ಲಿ ಬಂದಿದ್ದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ನೌಕರನ ನಿದ್ರೆ, ನಾಡಿಗಳ ಮಾಹಿತಿ ನಿಮ್ಮ ಕಂಪ್ಯೂಟರಿಗೆ ಬಾರದಂತೆ ನೋಡಿಕೊಳ್ಳುವುದೇ ಕ್ಷೇಮ. ಬಡ್ತಿ, ಸಂಬಳಗಳನ್ನು ಹೆಜ್ಜೆಯ ಲೆಕ್ಕಕ್ಕೆ ಜೋಡಿಸುವುದಂತೂ ಸರ್ವಥಾ ಸಲ್ಲದು.

ಪಾಲಿಸಬಹುದಾದ ನಾಲ್ಕು ನಿಯಮಗಳು

1. ಒಂದು ದಿನದ ಅಂಕಿಗಿಂತ ಒಂದು ತಿಂಗಳ ಏರಿಳಿತವನ್ನು ನೋಡಿರಿ.

2. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದಂತೆ, ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆಯನ್ನು ಗುರಿಯಾಗಿರಿಸಿಕೊಳ್ಳಿರಿ.

3. ವರ್ಷಕ್ಕೊಮ್ಮೆ ಪುಸ್ತಕಗಳನ್ನು ಪರಿಶೋಧನೆಗೆ ಒಪ್ಪಿಸುವಂತೆ, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳನ್ನು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿರಿ.

4. ಎದೆಬಿಗಿತ, ಎಡತೋಳಿನ ನೋವು, ಕಾರಣವಿಲ್ಲದ ಬೆವರು ಕಾಣಿಸಿಕೊಂಡರೆ ಗಡಿಯಾರವನ್ನು ನೋಡುತ್ತ ಕೂರದೆ 108ಕ್ಕೆ ಕರೆ ಮಾಡಿರಿ.

ಆ ಜವಳಿ ವರ್ತಕರು ಈಗಲೂ ಅದೇ ಗಡಿಯಾರವನ್ನು ಧರಿಸುತ್ತಾರೆ. ಬೆಳಿಗ್ಗೆ ನಲವತ್ತು ನಿಮಿಷ ನಡೆದು ಅಂಗಡಿಗೆ ಬರುತ್ತಾರೆ. ಮೂರು ತಿಂಗಳಿಗೊಮ್ಮೆ ವೈದ್ಯರನ್ನು ಕಂಡು ಬರುತ್ತಾರೆ. ಲೆಕ್ಕ ಬರೆಯುವವನು ಬೇರೆ, ಲೆಕ್ಕ ಪರಿಶೋಧಿಸುವವನು ಬೇರೆ ಎಂಬ ನಮ್ಮ ವೃತ್ತಿಯ ಹಳೆಯ ನಿಯಮವನ್ನು ಅವರು ನನಗಿಂತ ಚೆನ್ನಾಗಿ ಅರಿತಿದ್ದಾರೆ.